ಜೇ ಕೂರುತ್ತಿದ್ದ ಜಾಗ

ಟಕ್ — ಬ್ಯಾಟಿಗೆ ಚೆಂಡು ಬಿದ್ದ ಸದ್ದು, ಜಯಂತಿ ತಟ್ಟನೆ ತಲೆಯೆತ್ತಿದಳು, ಆಟ ಶುರುವಾಗಿಯೇಬಿಟ್ಟಿತೇ, ಇಲ್ಲ, ಅದು ಗೇಟಿನ ಮೇಲಿನ ದೊಡ್ಡ ಪರದೆಯಲ್ಲಿ ಯಾವುದೋ ಜಾಹೀರಾತು, ಮುಂದಿದ್ದವರು ಫೋನು ತೋರಿಸಿ ಒಬ್ಬೊಬ್ಬರಾಗಿ ಒಳಗೆ ಹೋಗುತ್ತಿದ್ದಾರೆ, ಇವಳ ಫೋನಿನಲ್ಲಿ ಟಿಕೆಟ್ ಎಲ್ಲಿ ಅಡಗಿತೋ, ಈಗ ತಾನೇ ಇತ್ತಲ್ಲ, ಹಳೇ ಸ್ಟೇಡಿಯಂನಲ್ಲಿ ಕಿಟಕಿಯ ಹಿಂದಿನ ಅಜ್ಜ ಟಿಕೆಟಿನ ಮೂಲೆ ಹರಿದು ಹಾಯ್ ಜೇ ಎನ್ನುತ್ತಿದ್ದ, ಇಲ್ಲಿ ಯಂತ್ರ ಬೀಪ್ ಎನ್ನುತ್ತದೆ, ಅಷ್ಟೇ. ಸಾರಿ ಮ್ಯಾಮ್, ಕ್ಲಿಯರ್ ಬ್ಯಾಗ್ಸ್ ಓನ್ಲಿ ಎಂದಳು ಗೇಟಿನ ಹುಡುಗಿ, ಬಟ್ಟೆಯ ಚೀಲವನ್ನು ಎರಡು ಬೆರಳಲ್ಲಿ ಎತ್ತಿ ನೋಡುತ್ತ, ಅದರಲ್ಲಿರುವುದು ಚಕ್ಕುಲಿ ಕಣಮ್ಮ, ಬರೀ ಚಕ್ಕುಲಿ, ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು, ಹಳೇ ಸ್ಟೇಡಿಯಂನಲ್ಲಿ ಪಕ್ಕ ಕೂರುತ್ತಿದ್ದ ಡಾಟಿ ಇದಕ್ಕೆ ಇಂಡಿಯನ್ ಪ್ರೆಟ್ಜೆಲ್ ಎಂದು ತಾನೇ ಹೆಸರಿಟ್ಟಿದ್ದಳು. ಮತ್ತೆ ಪಾರ್ಕಿಂಗ್ ತನಕ ಬಿಸಿಲಲ್ಲಿ ನಡೆದು ಚೀಲವನ್ನು ಗಾಡಿಯಲ್ಲಿಟ್ಟು, ಚಕ್ಕುಲಿಯ ಜಿಪ್‌ಲಾಕ್ ಕವರನ್ನಷ್ಟೇ ಕೈಯಲ್ಲಿ ಹಿಡಿದು ಬಂದಳು, ಅದರೊಳಗೆ ಇರುವುದು ಯಾರಿಗೂ ಕಾಣುತ್ತದೆ, ಈಗ ಹುಡುಗಿ ನಕ್ಕು ಒಳಗೆ ಬಿಟ್ಟಳು.

ಒಳಗೆ ಎಲ್ಲವೂ ಹೊಸತು, ಹೊಸ ಕಾಂಕ್ರೀಟಿನ ವಾಸನೆ, ಇಷ್ಟು ಹಸಿರು ಹುಲ್ಲು ನಿಜವಾದದ್ದೇ ಎಂಬ ಅನುಮಾನ, ಹಳೇ ಟೀಮು ಹೋಯಿತು, ಹಳೇ ಸ್ಟೇಡಿಯಂ ಕೆಡವಿದರು, ಈಗಿನದು ಹೊಸ ಟೀಮು, ಹೊಸ ಹೆಸರು, ಊರು ಮಾತ್ರ ಅದೇ, ಅದೇ ಊರಾದರೆ ಅವರೂ ಇರಬೇಕಲ್ಲ, ಬೇಸ್‌ಬಾಲ್ ಇದ್ದಲ್ಲಿ ಡಾಟಿ ಇಲ್ಲದೆ ಇರುತ್ತಾಳೆಯೇ, ವರ್ನನ್ ಇಲ್ಲದೆ ಇರುತ್ತಾನೆಯೇ — ಜಯಂತಿ ಪ್ರತಿ ಸಾಲಿನಲ್ಲೂ ಬಿಳಿ ಕೂದಲನ್ನು ಹುಡುಕುತ್ತ ನಡೆದಳು, ಎಷ್ಟೊಂದು ಬಿಳಿ ಕೂದಲು, ಡಾಟಿಯ, ವರ್ನನ್‌ನ ಮನೆತನದ ಹೆಸರು ಏನೆಂದು ಒಮ್ಮೆಯೂ ಕೇಳಿರಲಿಲ್ಲ, ಎಂಟು ವರ್ಷ ಪಕ್ಕದಲ್ಲಿ ಕೂತವಳು. ಮೊದಲ ಸಲ ಬಂದದ್ದು ಆಟಕ್ಕೇ ಅಲ್ಲ, ಇದೇ ಊರಿನ ಆಸ್ಪತ್ರೆಯ ಲ್ಯಾಬಿನಲ್ಲಿ ಇವಳಿಗೆ ಕೆಲಸ, ಕೊಲಂಬಿಯಾ ಎಂಬ ಊರಿನ ಮನೆಯಿಂದ ಒಂದು ಗಂಟೆಯ ದಾರಿ, ಅಂದು ಭಾನುವಾರದ ಶಿಫ್ಟ್ ಕ್ಯಾನ್ಸಲ್ ಆಗಿತ್ತು, ಮನೆಗೆ ಹೋಗಲು ಕಾಲು ಬರಲಿಲ್ಲ, ಕೂಗಾಟ ಕೇಳಿದತ್ತ ಗಾಡಿ ತಿರುಗಿಸಿದ್ದಳು, ಉದ್ದನೆಯ ಅಲ್ಯುಮಿನಿಯಂ ಬೆಂಚು, ಬಿಸಿಲಿಗೆ ಕಾದದ್ದು, ಎಲ್ಲ ಭರ್ತಿ, ಯಾರೋ ದಪ್ಪ ಹೆಂಗಸು ಇವಳನ್ನು ನೋಡಿ ಪಕ್ಕದವನ ತೊಡೆಗೆ ಗುದ್ದಿ ಸ್ಕೂಟ್ ಓವರ್ ವರ್ನನ್, ಲೆಟ್ ದಿ ಲೇಡಿ ಸಿಟ್ ಎಂದಳು, ಇಡೀ ಬೆಂಚು ಒಂದೊಂದು ಗೇಣು ಜರುಗಿತು, ಅಷ್ಟೇ, ಜಾಗವಾಯಿತು. ಜಯಂತಿ ಎಂಬುದು ಆ ಹೆಂಗಸಿನ, ಡಾಟಿಯ, ಬಾಯಲ್ಲಿ ನಿಲ್ಲಲಿಲ್ಲ, ಜೇ ಆಯಿತು. ವರ್ನನ್ ಸ್ಕೋರ್ ಬರೆಯುವುದನ್ನು ಕಲಿಸಿದ, ಅವಸರವಿಲ್ಲದ ಆಟ, ಗಡಿಯಾರವೇ ಇಲ್ಲದ ಆಟ, ಅಲ್ಲಿ ಯಾರೂ ಅಡುಗೆ ಏನು ಎಂದು ಕೇಳುತ್ತಿರಲಿಲ್ಲ, ಆಮೇಲೆ ಮನೆಯಲ್ಲಿ ಹೇಳಿದ್ದು ಒಂದೇ ಮಾತು, ಭಾನುವಾರ ನನಗೆ ಶಿಫ್ಟ್ ಉಂಟು, ಎಂಟು ಬೇಸಿಗೆ ಅದೇ ಸುಳ್ಳು. ಗಂಡ ರತ್ನಾಕರನಿಗೆ ಕ್ರಿಕೆಟ್ ಬಿಟ್ಟರೆ ಉಳಿದದ್ದೆಲ್ಲ ಮಕ್ಕಳಾಟ, ಹೆಂಡತಿ ಒಬ್ಬಳೇ ಹೋಗಿ ಅಪರಿಚಿತರ ಜೊತೆ ಕೂತು ಕೂಗುತ್ತಾಳೆ ಎಂದರೆ ಏನೆಂದುಕೊಂಡಾರು ಇವರು, ಎಂಬ ಹೆದರಿಕೆ, ಅದಕ್ಕೇ ಎರಡು ಸಾವಿರದ ಹತ್ತೊಂಬತ್ತರ ಕೊನೆಯ ಆಟದ ದಿನ ಡಾಟಿ ಪೆನ್ನು ಹಿಡಿದು ನಂಬರ್ ಕೊಡು ಹನೀ ಎಂದಾಗ, ಮೆಸೇಜು ಬಂದು ಗಂಡನ ಕಣ್ಣಿಗೆ ಬಿದ್ದರೆ ಎಂದು, ನಂಬರ್ ಯಾಕೆ ಡಾಟಿ, ಏಪ್ರಿಲ್‌ನಲ್ಲಿ ಬರ್ತೇನಲ್ಲ ಎಂದುಬಿಟ್ಟಳು. ಏಪ್ರಿಲ್‌ನಲ್ಲಿ ಜಗತ್ತೇ ಬಾಗಿಲು ಹಾಕಿತು. ಇವತ್ತು ಬೆಳಿಗ್ಗೆ ಮಾತ್ರ, ರೀ, ನಾನು ಬೇಸ್‌ಬಾಲ್ ನೋಡ್ಲಿಕ್ಕೆ ಹೋಗ್ತೇನೆ ಎಂದರೆ ರತ್ನಾಕರ ಐಪ್ಯಾಡಿನಿಂದ ಕಣ್ಣೆತ್ತದೆ ಹೌದಾ, ಹೋಗಿ ಬಾ, ಗಾಡಿಯಲ್ಲಿ ಗ್ಯಾಸ್ ಉಂಟಾ ನೋಡ್ಕೋ ಎಂದ — ಅಷ್ಟೇ, ಅಷ್ಟೇ ಆಗಿತ್ತೇ ಅದು, ಇಷ್ಟು ವರ್ಷ ಬಚ್ಚಿಟ್ಟದ್ದು.

ಓ ಮೈ ಗಾಡ್, ಜೇ! ಕೂಗು ಹಿಂದಿನಿಂದ ಬಂತು, ಇವಳು ದಾಟಿ ಬಂದಿದ್ದ ಸಾಲಿನಿಂದ, ಡಾಟಿ ಸಣ್ಣಗಾಗಿದ್ದಾಳೆ, ಅದಕ್ಕೇ ಗುರುತು ಸಿಗಲಿಲ್ಲ, ಪಕ್ಕದಲ್ಲಿ ವರ್ನನ್, ಮೂಗಿಗೆ ಆಕ್ಸಿಜನ್ನಿನ ತೆಳು ನಳಿಗೆ, ಮಡಿಲಲ್ಲಿ ಅದೇ ಸ್ಕೋರ್ ಪುಸ್ತಕ, ತಬ್ಬಿಕೊಂಡ ಡಾಟಿಯ ಭುಜದ ಮೂಳೆ ಕೆನ್ನೆಗೆ ಒತ್ತಿತು, ಕೂರು ಕೂರು, ಆ ಸೀಟಿನವರು ಇನ್ನೂ ಬಂದಿಲ್ಲ, ಇವಳು ಶೆರಿ, ನನ್ನ ಚರ್ಚಿನವಳು. ಶೆರಿ ನಕ್ಕಳು, ಚಕ್ಕುಲಿ ನೋಡಿ ಖಾರವಾ ಎಂದು ಕೇಳಿ ಕೈ ಹಿಂದಕ್ಕೆ ತೆಗೆದಳು, ಡಾಟಿ ಒಂದನ್ನು ಕಟಕಟನೆ ತಿಂದಳು, ಕಣ್ಣು ಒದ್ದೆ. ಎಲ್ಲಿ ಹೋಗಿದ್ದೆ ನೀನು, ಆ ಮೊದಲ ಬೇಸಿಗೆ ಆಟವೇ ಇಲ್ಲ ಅಂತ ನಾವೆಲ್ಲ ಭಾನುವಾರ ವರ್ನನ್‌ನ ಅಂಗಳದಲ್ಲಿ ದೂರ ದೂರ ಕುರ್ಚಿ ಹಾಕಿ ಕೂರ್ತಿದ್ವಿ, ಹಳೇ ಆಟಗಳ ರೆಕಾರ್ಡಿಂಗ್ ಹಾಕಿ, ನಿನ್ನ ಕುರ್ಚಿಯನ್ನೂ ಹಾಕ್ತಿದ್ವಿ ಗೊತ್ತಾ. ಹುಡುಕಿದೆ ಹನೀ, ಏಪ್ರಿಲ್‌ನಲ್ಲಿ ನಿನ್ನ ಆಸ್ಪತ್ರೆಗೇ ಬಂದಿದ್ದೆ, ಟಿವಿಯಲ್ಲಿ ನಿಮಗೆಲ್ಲ ಮಾಸ್ಕ್ ಸಿಗ್ತಿಲ್ಲ ಅಂದ್ರಲ್ಲ, ಬೇಸ್‌ಬಾಲ್ ಚಿತ್ರ ಇರೋ ಬಟ್ಟೇಲಿ ಆರು ಮಾಸ್ಕ್ ಹೊಲಿದು ತಂದೆ, ಬಾಗಿಲಲ್ಲೇ ತಡೆದರು, ಜೇ, ಲ್ಯಾಬಿನ ಜೇ ಅಂದೆ, ಲಿಸ್ಟ್ ನೋಡಿ ಅಂಥ ಹೆಸರಿನವರು ಇಲ್ಲ ಅಂದರು, ಎರಡು ಸಲ ನೋಡಿದರು ಪಾಪ. ಜಯಂತಿ ಬಾಯಿ ತೆರೆದಳು, ನಾನು ಅಲ್ಲೇ ಇದ್ದೆ ಡಾಟಿ, ಬೇಸ್‌ಮೆಂಟಿನಲ್ಲಿ, ನಿನ್ನ ಕಾಲ ಕೆಳಗೆ — ಹೊರಗೆ ಬಂದದ್ದು ಓ, ಓ ಎಂಬುದಷ್ಟೇ. ನಂಬರ್ ತಗೊಳ್ಳಿ ಎಂದಳು, ಕೇಳುವ ಮೊದಲೇ, ಡಾಟಿಯ ಫೋನಿನಲ್ಲಿ ತಾನೇ ಒತ್ತಿದಳು, ಹೆಸರಿನ ಜಾಗದಲ್ಲಿ ಜಯಂತಿ ಶೆಟ್ಟಿ ಎಂದು ಬರೆದು, ತಡೆದು, ಕಂಸದಲ್ಲಿ ಜೇ ಎಂದೂ ಸೇರಿಸಿದಳು, ವರ್ನನ್ ಪುಸ್ತಕದಿಂದ ತಲೆಯೆತ್ತಿ ಈಗಲೂ ಸ್ಕೋರ್ ಬರೀತೀಯಾ ಎಂದು ಕೇಳಿದ, ಆ ದನಿ ಎಷ್ಟು ತೆಳ್ಳಗಾಗಿದೆ. ಎಕ್ಸ್‌ಕ್ಯೂಸ್ ಮಿ, ಇದು ನಮ್ಮ ಸೀಟ್ ಅನ್ಸುತ್ತೆ — ಪಾಪ್‌ಕಾರ್ನ್ ಹಿಡಿದ ದಂಪತಿ, ತಪ್ಪು ಅವರದಲ್ಲ, ಜಯಂತಿ ಎದ್ದಳು, ಅವಳು ಎದ್ದ ಮರುಕ್ಷಣ ಕುರ್ಚಿ ತಾನಾಗಿ ಮಡಚಿಕೊಂಡಿತು, ಡಾಟಿ ಅಭ್ಯಾಸಬಲದಿಂದ ವರ್ನನ್‌ನ ತೊಡೆಗೆ ಗುದ್ದಿ ಸ್ಕೂಟ್ ಓ ಎಂದು ಅರ್ಧಕ್ಕೆ ನಿಂತಳು, ಪ್ರತಿ ಎರಡು ಕುರ್ಚಿಯ ನಡುವೆ ಕೈಯೂರುವ ಅಡ್ಡಪಟ್ಟಿ, ಯಾರು ಎಲ್ಲಿಗೆ ಜರುಗಿಯಾರು. ಸೀಸನ್ ಪೂರ್ತಿ ಈ ಸಾಲು ಬುಕ್ ಆಗಿದೆಯಂತೆ, ಡಾಟಿ ಕೈ ಬಿಡುತ್ತಿಲ್ಲ, ಏಳನೇ ಇನಿಂಗ್ಸ್‌ಗೆ ಎಲ್ಲರೂ ಎದ್ದು ನಿಲ್ತಾರಲ್ಲ, ಆಗ ಬಾ, ಖಂಡಿತ ಬಾ, ಹಿಂದೆ ನಿಂತವರಿಗೆ ಆಟ ಕಾಣುತ್ತಿಲ್ಲ, ಕೈ ಬಿಟ್ಟಿತು.

ಇವಳ ಸೀಟು ಮೈದಾನದ ಇನ್ನೊಂದು ತುದಿ, ಅತ್ತಿತ್ತ ಖಾಲಿ, ನೆರಳಿಲ್ಲ, ಅಲ್ಲಿಂದ ಡಾಟಿಯ ಟೋಪಿ ಒಂದು ಚುಕ್ಕಿ, ಚುಕ್ಕಿ ಶೆರಿಯ ಕಡೆ ವಾಲುತ್ತದೆ, ನೆಟ್ಟಗಾಗುತ್ತದೆ, ಯಾರೋ ಜೋರಾಗಿ ಹೊಡೆದರು, ಎಲ್ಲರೂ ಎದ್ದರು, ಇವಳೂ ಎದ್ದು ಚಪ್ಪಾಳೆ ತಟ್ಟಿದಳು, ಏನಾಯಿತೆಂದು ನೋಡಲೇ ಇಲ್ಲ, ಏಪ್ರಿಲ್, ಏಪ್ರಿಲ್‌ನ ಯಾವ ದಿನ, ಕೇಳಬೇಕಿತ್ತು, ಬೆಳಿಗ್ಗೆಯೋ ಮಧ್ಯಾಹ್ನವೋ, ಮೆಷಿನ್ನಿಗೆ ಟ್ಯೂಬುಗಳನ್ನು ತುಂಬುತ್ತಿದ್ದೆನೇ, ಮೆಟ್ಟಿಲ ಬಳಿ ನಿಂತು ಅಳುತ್ತಿದ್ದೆನೇ, ಆ ತಿಂಗಳು ದಿನಕ್ಕೊಮ್ಮೆ ಅಲ್ಲಿ ಹೋಗಿ ಅಳುತ್ತಿದ್ದೆ, ಒಂದೇ ಮಾಸ್ಕನ್ನು ವಾರವಿಡೀ ಹಾಕಿ ಕಿವಿಯ ಹಿಂದೆ ಹುಣ್ಣಾಗಿತ್ತು, ಲಿಫ್ಟಿನಲ್ಲಿ ಮೇಲೆ ಹೋದರೆ ಅರ್ಧ ನಿಮಿಷವೂ ಇಲ್ಲ, ಲಿಸ್ಟಿನಲ್ಲಿ ಜಯಂತಿ ಇದ್ದಳು, ಜೇ ಇರಲಿಲ್ಲ, ಮುಂದಿನ ಭಾನುವಾರ ಡಾಟಿ ಫೋನ್ ಮಾಡುತ್ತಾಳೆ, ಮಾಡದಿದ್ದರೆ ನಾನೇ, ಆದರೆ ಅವಳ ನಂಬರ್ ನನ್ನ ಹತ್ತಿರ, ಅಯ್ಯೋ, ಅವಳದನ್ನು ಪಡೆದುಕೊಳ್ಳಲೇ ಇಲ್ಲವಲ್ಲ, ಏಳನೇ ಇನಿಂಗ್ಸ್‌ಗೆ ಹೋಗಿ ಕೇಳುತ್ತೇನೆ, ಈಗ ಎಷ್ಟನೆಯದು, ಪರದೆಯ ಮೇಲೆ ಏನೋ ಅಂಕಿ, ಅಂಕಿ ಕಾಣುವುದಿಲ್ಲ, ಕಾಣುವುದು ಗಾಜಿನ ಬಾಗಿಲು, ಬಾಗಿಲ ಹೊರಗೆ ಡಾಟಿ, ಆಗಿನ ದಪ್ಪ ಡಾಟಿ, ಕೈಯಲ್ಲಿ ಕಾಗದದ ಚೀಲ, ಮೂಗಿನಿಂದ ಜಾರುವ ಮಾಸ್ಕನ್ನು ಮೇಲೇರಿಸಿಕೊಂಡು, ಒಳಗಿನವರಿಗೆ ಕೇಳಿಸಲಿ ಎಂದು ಗಾಜಿಗೆ ಮುಖ ಹತ್ತಿರ ತಂದು, ಜೇ, ಎನ್ನುತ್ತಾಳೆ, ಲ್ಯಾಬಿನ ಜೇ, ಮತ್ತೊಮ್ಮೆ ನೋಡಿ, ಜೇ —