ವಿಭೂತಿಯ ಮೇಲೆ ಅಂಟಿಸಿದ ಸೀಸ

ತಮ್ಮ ಮನೆಯ ಗಾಡಿಗೆ ಬೇರೆಯವರು ಸ್ಪ್ಯಾನರ್ ಹಾಕಿದರೆ ಜಯದೇವಪ್ಪನವರಿಗೆ ಮೈ ಉರಿಯುತ್ತಿತ್ತು. ಬನಶಂಕರಿಯ ಆ ಬೀದಿಯಲ್ಲಿ ಯಾರ ಮನೆಯ ಪಂಪು ಕೆಟ್ಟರೂ ಕರೆಯದೆ ಹೋಗಿ ಸಲಹೆ ಕೊಡುವ ಮನುಷ್ಯ, ಸ್ವಂತ ಮಗಳ ಬೈಕನ್ನು ಅಂಗಡಿಗೆ ಬಿಟ್ಟಾರೆಯೇ? ಲಿಖಿತಾಳ ಬೈಕಿಗೆ ಮುಂದಿನ ಟೈರು ಹೊಸದು ಹಾಕಿದಾಗ, ಚಕ್ರದ ಬ್ಯಾಲೆನ್ಸಿಂಗ್, ಅಂದರೆ ಸುತ್ತಲೂ ತೂಕ ಸಮ ಮಾಡುವ ಕೆಲಸ, ಮನೆಯಲ್ಲೇ ಎಂದು ಸಾರಿಬಿಟ್ಟರು.

ಪೋರ್ಟಿಕೋದಲ್ಲಿ ಎರಡು ಸ್ಟೂಲುಗಳ ನಡುವೆ ಆಕ್ಸಲ್ ಇಟ್ಟು ಚಕ್ರವನ್ನು ತೂಗುಬಿಟ್ಟರು. ತಿರುಗಿಸಿ ಬಿಟ್ಟರೆ ಭಾರದ ಕಡೆ ತಾನಾಗಿ ಕೆಳಗೆ ಬಂದು ನಿಲ್ಲುತ್ತದೆ. ಅದಕ್ಕೆ ಎದುರಾಗಿ ಮೇಲ್ಗಡೆ ರಿಮ್ಮಿಗೆ ಸೀಸದ ಪಟ್ಟಿ ಅಂಟಿಸಬೇಕು. ಸರಿಯಾಗಿ ಅಲ್ಲೇ ಆಯುಧಪೂಜೆಯ ವಿಭೂತಿ ಇತ್ತು, ಹೆಂಡತಿ ಸಿದ್ದಗಂಗಮ್ಮ ಹಚ್ಚಿದ್ದು. ಪೂಜೆ ಮುಗಿದು ವಾರವೂ ಆಗಿಲ್ಲ, ಒರೆಸಲು ಅವರಿಗೆ ಕೈ ಬರಲಿಲ್ಲ. ಅದರ ಮೇಲೆಯೇ ಪಟ್ಟಿ ಒತ್ತಿದರು. ಚಕ್ರ ಎಲ್ಲಿ ಬಿಟ್ಟರೆ ಅಲ್ಲಿ ನಿಂತಿತು.

ಭಾನುವಾರ ಗೆಳತಿ ಮೈತ್ರೇಯಿಯ ಜೊತೆ, ತಲಾ ಒಂದು ಬೈಕಿನಲ್ಲಿ ಹೊರಟ ಲಿಖಿತಾ ಹುಳಿಮಾವು ದಾಟಿದ್ದೇ ತಡ, ವಾಪಸ್ಸು ಬಂದಳು.

"ಸ್ಪೀಡಲ್ಲಿ ಹ್ಯಾಂಡಲ್ ನಡುಗ್ತಿದೆ, ಅಪ್ಪ."

"ನಡುಗದೆ ಇನ್ನೇನು? ಸಿಕ್ಕ ಗುಂಡಿಗೆಲ್ಲ ಇಳಿಸಿ ರಿಮ್ ಬೆಂಡ್ ಮಾಡಿರ್ತೀಯ. ಬೈಕ್ ಓಡಿಸೋ ಯೋಗ್ಯತೆ ಇಲ್ಲ ನಿಂಗೆ. ಕೊಡು ಕೀ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನೂ ಸೇರಿಸಿದರು. ಮುಂದಿನ ವಾರ ಗೆಳತಿಯರಿಬ್ಬರೂ ಚಿತ್ರದುರ್ಗಕ್ಕೆ ಹೋಗುವುದಿತ್ತು. ಕೀ ಜೊತೆಗೆ ಅದೂ ಹೋಯಿತು. ಲಿಖಿತಾ ಜಾಕೆಟ್ಟಿನ ಜೇಬಿನಲ್ಲಿ ಕೈಯಿಟ್ಟುಕೊಂಡೇ ಒಳಗೆ ಹೋದಳು. ಗೇಟಿನ ಬಳಿ ನಿಂತಿದ್ದ ಮೈತ್ರೇಯಿ ನೆಲ ನೋಡಿದಳು. ತಮ್ಮ ಗದರಿಕೆಗೆ ಹುಡುಗಿ ಹೆದರಿದಳು ಎಂದುಕೊಂಡರು ಜಯದೇವಪ್ಪನವರು.

ಮಧ್ಯಾಹ್ನ ರಿಮ್ಮಿನ ಸೊಟ್ಟ ಹುಡುಕಲು ಚಕ್ರ ಬಿಚ್ಚಿ ತಿರುಗಿಸಿದರು. ಸೊಟ್ಟ ಎಲ್ಲೂ ಇರಲಿಲ್ಲ. ಆದರೆ ಭಾರದ ಕಡೆ ಸರ್ರನೆ ಕೆಳಗಿಳಿಯಿತು. ಮೇಲೆ ನೋಡಿದರೆ ಸೀಸದ ಪಟ್ಟಿಯೇ ಇಲ್ಲ. ಅದು ಇದ್ದ ಜಾಗದಲ್ಲಿ ಅರ್ಧ ಎದ್ದುಹೋದ ವಿಭೂತಿ; ಅಂಟು ಹಿಡಿದದ್ದು ರಿಮ್ಮಿಗಲ್ಲ, ಬೂದಿಗೆ. ಅವರ ಕಿವಿ ಬಿಸಿಯಾಯಿತು. ಒರೆಸಿ ಹೊಸದೊಂದು ಅಂಟಿಸಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ ಬಂತು. ಬಂದದ್ದಕ್ಕೇ ಇನ್ನಷ್ಟು ನಾಚಿಕೆಯಾಯಿತು.

ಕೀ ಹಿಡಿದು ಮಗಳ ಕೋಣೆಗೆ ಹೋದರು. "ಪಟ್ಟಿ ಬಿದ್ದುಹೋಗಿದೆ ಕಣಮ್ಮ. ತಪ್ಪು ನಂದೇ."

ಲಿಖಿತಾ ಜಾಕೆಟ್ಟಿನ ಜೇಬಿನಿಂದ ಆ ಪಟ್ಟಿಯನ್ನೇ ತೆಗೆದು ಮೇಜಿನ ಮೇಲಿಟ್ಟಳು. ಅದರ ಅಂಟಿಗೆ ವಿಭೂತಿ ಮೆತ್ತಿಕೊಂಡಿತ್ತು. "ಹಿಂದೆ ಬರ್ತಿದ್ದ ಮೈತ್ರೇಯಿ ಮುಂದೇನೇ ಬಿತ್ತು. ಅವಳೇ ಎತ್ಕೊಟ್ಟಿದ್ದು."

"ಆಗ್ಲೇ ಯಾಕೆ ಹೇಳ್ಲಿಲ್ಲ?"

"ಅವಳು ಅಲ್ಲೇ ಇದ್ಲಲ್ಲಪ್ಪ."

ಅವರು ಕೀಯನ್ನು ಪಟ್ಟಿಯ ಪಕ್ಕದಲ್ಲಿಟ್ಟರು. ಗೇಟಿನ ಬಳಿಯ ಹುಡುಗಿ ಹೆದರಿರಲಿಲ್ಲ, ಪಟ್ಟಿ ಬಿದ್ದದ್ದು ಗೊತ್ತಿದ್ದೇ ನೆಲ ನೋಡಿದ್ದಳು.

"ಯಾರು ಅಂಟಿಸಿದ್ದು ಅಂತ ಕೇಳಿದ್ಲಾ?"

"ಕೇಳಿದ್ಲು. ನಾನೇ ಅಂದೆ."

ಜಯದೇವಪ್ಪನವರು ಮಂಚದ ಅಂಚಿಗೆ ಕೂತರು. ತಮ್ಮ ತಪ್ಪನ್ನು ಹೊತ್ತವಳಿಗೇ ಯೋಗ್ಯತೆ ಇಲ್ಲ ಎಂದಿದ್ದರು, ಅದೂ ಗೆಳತಿಯ ಎದುರಿಗೆ. ಬರೀ ಕೀ ಕೊಟ್ಟರೆ ಅದು ತೀರುವಂಥದ್ದಲ್ಲ.

"ಮೈತ್ರೇಯಿಗೆ ಫೋನ್ ಮಾಡು."

"ಬೇಡ ಬಿಡಿ, ಅಪ್ಪ."

"ಮಾಡು."

ಆ ಕಡೆಯಿಂದ ಹಲೋ ಕೇಳಿತು. ಬೀದಿಗೆಲ್ಲ ಸಲಹೆ ಕೊಡುತ್ತಿದ್ದ ಮನುಷ್ಯ ಫೋನನ್ನು ತಾವೇ ಕೈಗೆ ತೆಗೆದುಕೊಂಡರು.

"ನಾನಮ್ಮ, ಲಿಖಿತಾ ಅಪ್ಪ," ಎಂದರು. "ಆ ಪಟ್ಟಿ ಅಂಟಿಸಿದ್ದು ಅವಳಲ್ಲ."