ಒಂದು ಮಾತಿನಷ್ಟು ಗುಳಿ

ಬರಿಗಾಲಯ್ಯನವರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಬಾಯಿ ತುಂಬಾ ಬೈದು ಮರೆತುಬಿಡುತ್ತಿದ್ದೆ. ಈ ಕಲ್ಲುಕುಟಿಗನ ಬಾಯಿ ಎಂಥದ್ದೆಂದು ಬೀದಿಗೆಲ್ಲ ಗೊತ್ತು. ಆದರೆ ಅವರಷ್ಟು ಒಳ್ಳೆಯ ಮನುಷ್ಯನನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಅದೇ ಇವತ್ತಿಗೂ ನನ್ನ ತಲೆ ತಿನ್ನುತ್ತದೆ.

ನಾನು ಸಮಾಧಿಯ ಮೇಲೆ ಹಾಸುವ ಕಲ್ಲು ಕೆತ್ತುವವನು. ಮೊದಲು ಹೆಸರು, ಆಮೇಲೆ ವಯಸ್ಸು, ಕೊನೆಯ ಸಾಲಿನಲ್ಲಿ ‘ಸಮಾಧಾನದಲ್ಲಿ’ ಎಂಬ ಒಂದೇ ಮಾತು. ಆ ಮಾತು ಎಲ್ಲರಿಗೂ ಸಿಗುವುದಲ್ಲ. ದೀಕ್ಷಾಸ್ನಾನ ಪಡೆದು, ಸಭೆಯೊಳಗಿದ್ದು ಸತ್ತವರಿಗೆ ಮಾತ್ರ. ಸತ್ತವರು ದೇವರ ಹತ್ತಿರ ಇದ್ದಾರೆ ಎನ್ನುವುದಕ್ಕೆ ಉಳಿದವರಿಗೆ ಅದೊಂದೇ ಗುರುತು. ಅದನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿ ಹೋದವರನ್ನು ನಾನು ಎಷ್ಟೋ ಕಂಡಿದ್ದೇನೆ.

ನಮ್ಮ ಮಗಳ ಕಲ್ಲನ್ನೂ ನಾನೇ ಕೆತ್ತಿದೆ. ಹುಟ್ಟಿದಾಗ ಇಷ್ಟೇ ಇಷ್ಟು ಇದ್ದಳು. ಸೂಲಗಿತ್ತಿ ‘ಬಟಾಣಿ’ ಎಂದಳು, ಅದೇ ಹೆಸರು ನಿಂತಿತು. ಮೂರು ವರ್ಷ ಎರಡು ತಿಂಗಳು ಬದುಕಿದಳು. ಅವಳಿಗೆ ದೀಕ್ಷಾಸ್ನಾನ ಕೊಟ್ಟದ್ದು ಹಳೇ ಪಾದ್ರಿ. ಆ ದಿನ ಅವರಿಗೆ ನೆಗಡಿ. ಪ್ರಾರ್ಥನೆಯ ನಡುವೆ ಎರಡು ಸಲ ಸೀನಿದರು. ಬಟಾಣಿ ಅವರ ಗಡ್ಡ ಹಿಡಿದವಳು ಬಿಡಲೇ ಇಲ್ಲ. ನಾನೂ ನನ್ನವಳೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಹಳೇ ಪಾದ್ರಿಯ ಕಥೆ ಊರಿಗೇ ಗೊತ್ತಿದ್ದದ್ದು. ಅರಸರು ನಮ್ಮ ಧರ್ಮವನ್ನು ಅಡಗಿಸಲು ಹೊರಟ ಹಿಂಸೆಯ ಕಾಲದಲ್ಲಿ ಸೈನಿಕರು ಬಂದು ಪವಿತ್ರ ಗ್ರಂಥಗಳನ್ನು ಕೇಳಿದಾಗ ಅವರು ಮರುಮಾತಿಲ್ಲದೆ ಪೆಟ್ಟಿಗೆ ತೆರೆದು ಕೊಟ್ಟುಬಿಟ್ಟರು. ಸೈನಿಕರು ಅವನ್ನು ಚೌಕದಲ್ಲಿ ಸುಟ್ಟರು. ಕೊಡದವರು ಸೆರೆಮನೆಗೆ ಹೋದರು, ಕೆಲವರು ಅಲ್ಲೇ ಸತ್ತರು. ಹಿಂಸೆ ನಿಂತ ಮೇಲೆ ಹಳೇ ಪಾದ್ರಿ ಎಲ್ಲರೆದುರು ಮೊಣಕಾಲೂರಿ ಅತ್ತರು. ಧರ್ಮಾಧ್ಯಕ್ಷರು ಕ್ಷಮಿಸಿ ಮತ್ತೆ ಕೆಲಸಕ್ಕೆ ನಿಲ್ಲಿಸಿದರು. ಅಂದಿನಿಂದ ಅವರು ಸ್ವಲ್ಪ ಕುಡಿಯತೊಡಗಿದರು. ‘ಸ್ವಲ್ಪ’ ಎನ್ನುವುದು ನನ್ನ ದೊಡ್ಡ ಮನಸ್ಸು.

ಬರಿಗಾಲಯ್ಯನವರು ಕೊಡದವರ ಪೈಕಿ. ನಾಲ್ಕು ವರ್ಷ ಸೆರೆಯಲ್ಲಿದ್ದು ಕುಂಟುತ್ತ ಹೊರಗೆ ಬಂದರು. ಯಾರಾದರೂ ಕಾಲಿಗೆ ಜೋಡು ಕೊಟ್ಟರೆ ಸಂಜೆಯೊಳಗೆ ಅದು ಇನ್ಯಾರದೋ ಕಾಲಲ್ಲಿರುತ್ತಿತ್ತು. ಹೆಸರು ಬಂದದ್ದು ಹಾಗೆ. ಬಟಾಣಿಯನ್ನು ಒಯ್ದ ಜ್ವರ ನನ್ನನ್ನೂ ಹಿಡಿದಾಗ ನೆಂಟರಿಷ್ಟರೆಲ್ಲ ಬಾಗಿಲಾಚೆಯಿಂದಲೇ ವಿಚಾರಿಸಿ ಹೋದರು. ಬರಿಗಾಲಯ್ಯನವರು ಒಳಗೆ ಬಂದರು. ಹನ್ನೊಂದು ದಿನ ನನ್ನ ವಾಂತಿ ಬಳಿದರು, ಮೈ ಒರೆಸಿದರು, ನನ್ನವಳಿಗೆ ನೀರು ಸೇದಿಕೊಟ್ಟರು. ನಾನು ಎದ್ದು ಕೂತು ಉಪಕಾರ ನೆನೆಯಲು ಹೋದರೆ, “ಸುಮ್ನಿರು ತಮ್ಮಾ, ನಿನ್ನ ಮಾತು ಕೇಳೋಕಾಗದೆ ಜ್ವರಾನೇ ಎದ್ದು ಹೋಯ್ತು” ಎಂದರು.

ಅವರು ಬೋಧಿಸುತ್ತಿದ್ದದ್ದು ಇಷ್ಟು: ಗ್ರಂಥ ಕೊಟ್ಟವನಲ್ಲಿ ಪವಿತ್ರಾತ್ಮ ಉಳಿಯುವುದಿಲ್ಲ, ತನ್ನಲ್ಲಿಲ್ಲದ್ದನ್ನು ಅವನು ಬೇರೆಯವರಿಗೆ ಕೊಡಲಾರ, ಅವನು ಕೊಟ್ಟ ದೀಕ್ಷಾಸ್ನಾನ ಬರೀ ನೀರು. ಆದ್ದರಿಂದ ಎಲ್ಲರೂ ಶುದ್ಧ ಕೈಯಿಂದ ಮತ್ತೊಮ್ಮೆ ಸ್ನಾನ ಪಡೆಯಬೇಕು. ಇದು ಪಾಷಂಡ, ಧರ್ಮಕ್ಕೆ ವಿರುದ್ಧವಾದ ಬೋಧನೆ, ಅವರನ್ನು ಯಾರೂ ಕೇಳಬಾರದು ಎಂದು ಧರ್ಮಾಧ್ಯಕ್ಷರಿಂದ ಪತ್ರ ಬಂತು. ಪತ್ರವನ್ನು ಓದಿದ್ದು ಹಳೇ ಪಾದ್ರಿ, ತೊದಲುತ್ತ, ತಲೆ ಎತ್ತದೆ. ನಾನು ಹಿಂದಿನ ಸಾಲಿನಲ್ಲಿ ನಿಂತು ನಕ್ಕುಬಿಟ್ಟೆ. ನನ್ನ ವಾಂತಿ ಬಳಿದವರು ಪಾಷಂಡಿಯಂತೆ, ಹೆದರಿ ಗ್ರಂಥ ಕೊಟ್ಟವರು ಗುರುಗಳಂತೆ! ಮರುವಾರವೇ ಹೊಳೆಗೆ ಹೋಗಿ ಬರಿಗಾಲಯ್ಯನವರ ಕೈಯಿಂದ ಮತ್ತೆ ಮುಳುಗಿ ಎದ್ದೆ.

ನನ್ನವಳು ಬರಲಿಲ್ಲ. “ನನಗೆ ಒಂದು ಸಲ ಸಾಕು” ಎಂದಳು.

ಹಾಗಾದರೆ ಬಟಾಣಿ? ಆ ಪ್ರಶ್ನೆ ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳಾದೀತು. ಹೊಳೆದಾಗಲೆಲ್ಲ ಸುತ್ತಿಗೆ ಜೋರಾಗಿ ಹೊಡೆಯುತ್ತಿದ್ದೆ. ಕೊನೆಗೆ ಬರಿಗಾಲಯ್ಯನವರೇ ಅಂಗಡಿಗೆ ಬಂದು ಚಪ್ಪಡಿಗಳ ನಡುವೆ ಕೂತರು.

“ತಮ್ಮಾ, ಮಗೂ ಕಲ್ಲಿನ ಮೇಲಿರೋ ಆ ಮಾತು...”

“ಅಯ್ಯಾ, ಅದೊಂದು ಬಿಟ್ಟುಬಿಡಿ.”

“ನಿಜ ಅಲ್ಲದ್ದನ್ನ ದೇವರ ಮುಂದೆ ಹೇಗಪ್ಪ ಬರೆದಿಡೋದು? ಅವಳ ಮೇಲೆ ಬಿದ್ದಿದ್ದು ಬರೀ ನೀರು. ಇದನ್ನ ಹೇಳೋಕೆ ನಂಗೆ ನಾಲಿಗೆ ಬರ್ತಿಲ್ಲ. ಆದರೆ ಹೇಳದೆ ಇದ್ದರೆ ನಿನಗೆ ಮೋಸ ಮಾಡ್ದಂಗೆ.” ಅವರ ಕಣ್ಣಲ್ಲಿ ಧಾರಾಕಾರ ನೀರು. ನನ್ನ ಜೊತೆ ನಲವತ್ತು ದಿನ ಉಪವಾಸ ಇರುತ್ತೇನೆ ಎಂದರು, ಇದ್ದರು ಕೂಡ. ಕಟುಕನೊಬ್ಬ ಬಂದು ಕೇಳಿದ್ದರೆ ಉಳಿ ಎತ್ತಿಕೊಂಡು ಅಟ್ಟುತ್ತಿದ್ದೆ. ಈ ಮನುಷ್ಯನ ಮುಂದೆ ನನಗೆ ‘ಇಲ್ಲ’ ಎನ್ನಲು ಬಾಯಿ ಬರಲಿಲ್ಲ.

ಕಲ್ಲಿನಲ್ಲಿ ಅಕ್ಷರವನ್ನು ಒರೆಸಿ ಹಾಕಲು ಬರುವುದಿಲ್ಲ. ಅಕ್ಷರ ಎಷ್ಟು ಆಳಕ್ಕೆ ಇಳಿದಿದೆಯೋ ಅಷ್ಟು ಆಳಕ್ಕೆ ಸುತ್ತಲಿನ ಕಲ್ಲನ್ನೂ ಇಳಿಸಬೇಕು. ಬೆಳಿಗ್ಗೆ ಸ್ಮಶಾನಕ್ಕೆ ಹೋಗಿ ಕೂತೆ. ಮಧ್ಯಾಹ್ನದ ಹೊತ್ತಿಗೆ ಆ ಮಾತಿದ್ದ ಕಡೆ ಒಂದು ಅಂಗೈ ಅಗಲದ ಗುಳಿ ಉಳಿಯಿತು. ತಲೆ ಎತ್ತಿದರೆ ನನ್ನವಳು ನಿಂತಿದ್ದಳು. ಯಾರು ಹೇಳಿದರೋ ಏನೋ. ಕೂಗಾಡುತ್ತಾಳೆ ಎಂದುಕೊಂಡೆ, ಕೂಗಾಡಿದ್ದರೆ ಚೆನ್ನಾಗಿತ್ತು. ಅವಳು ಕೂತು, ಉದುರಿದ ಚೂರು, ಪುಡಿ ಎಲ್ಲವನ್ನೂ ಬೆರಳಿನಿಂದ ಗುಡಿಸಿ ಬಟ್ಟೆಯಲ್ಲಿ ಕಟ್ಟಿಕೊಂಡಳು. ಮನೆಗೆ ಹೋಗಿ ಒಂದು ಕುಡಿಕೆಯಲ್ಲಿ ಹಾಕಿ ಮುಚ್ಚಿಟ್ಟಳು.

ಆಮೇಲಿನ ಮೂರು ವರ್ಷ ನಮ್ಮ ಮನೆಯಲ್ಲಿ ಉಪ್ಪು, ಹಿಟ್ಟು, ಸೌದೆ ಇಷ್ಟರ ಮಾತು ಮಾತ್ರ ನಡೆಯಿತು. ಮಳೆ ಬಂದಾಗಲೆಲ್ಲ ಆ ಗುಳಿಯಲ್ಲಿ ನೀರು ನಿಲ್ಲುತ್ತಿತ್ತು. ಮಳೆ ನಿಂತ ಕೂಡಲೇ ಅವಳು ಒಂದು ಒಣಬಟ್ಟೆ ತೆಗೆದುಕೊಂಡು ಸ್ಮಶಾನಕ್ಕೆ ಹೋಗಿ ಒರೆಸಿ ಬರುತ್ತಿದ್ದಳು. ನನ್ನನ್ನು ಒಂದು ದಿನವೂ ಕರೆಯಲಿಲ್ಲ.

ಜ್ವರ ಮತ್ತೆ ಬಂತು. ಬರಿಗಾಲಯ್ಯನವರು ಎಂದಿನಂತೆ ಮನೆಯಿಂದ ಮನೆಗೆ ಹೋದರು. ಹಾಗೆ ಅವರು ಶುಶ್ರೂಷೆ ಮಾಡಿದವರಲ್ಲಿ ಅವರ ಹುಟ್ಟೂರಿನ ಮುದುಕನೊಬ್ಬನಿದ್ದ. ಸಾಯುವ ಮುಂಚೆ ಹಳೆಯದನ್ನೆಲ್ಲ ನೆನೆಯುತ್ತ ಅವನು ಒಂದು ಮಾತು ಹೇಳಿದ: ಬರಿಗಾಲಯ್ಯನವರಿಗೆ ಎಳೆತನದಲ್ಲಿ ದೀಕ್ಷಾಸ್ನಾನ ಕೊಟ್ಟ ಗುರು, ಆ ಸ್ನಾನಕ್ಕೂ ಮುಂಚೆ ನಡೆದ ಇನ್ನೊಂದು ಹಿಂಸೆಯಲ್ಲಿ, ಗ್ರಂಥವನ್ನು ಗುಟ್ಟಾಗಿ ಸೈನಿಕರಿಗೆ ಕೊಟ್ಟಿದ್ದನಂತೆ. ಜೊತೆಗೆ ಪೆಟ್ಟಿಗೆ ಹೊತ್ತವನು ಈ ಮುದುಕನೇ.

ಅದಾಗಿ ವಾರದೊಳಗೆ ಬರಿಗಾಲಯ್ಯನವರೂ ತಮ್ಮ ಮಹಡಿಯ ಕೋಣೆಯಲ್ಲಿ ಹಾಸಿಗೆ ಹಿಡಿದರು. ಈ ಸಲ ಮೈ ಒರೆಸುವ ಸರದಿ ನನ್ನದು. ಒಂದು ಮಧ್ಯಾಹ್ನ ನನ್ನ ಕೈ ಹಿಡಿದು ಎಲ್ಲವನ್ನೂ ಹೇಳಿದರು.

“ನನಗೆ ಬಿದ್ದದ್ದೂ ಬರೀ ನೀರು ತಮ್ಮಾ. ಆಮೇಲೆ ನಿಮಗೆಲ್ಲ ನಾನು ಹಾಕಿದ್ದೂ ಬರೀ ನೀರು. ಶುದ್ಧ ಕೈ ಅಂತ ಈಗ ಯಾರದನ್ನ ಹುಡುಕೋದು?”

“ಅಯ್ಯಾ, ಹಾಗಾದ್ರೆ ಆ ನಿಯಮಾನೇ ತಪ್ಪು ಅಂತ ಯಾಕಾಗಬಾರದು? ನಿಮ್ಮಂಥವರನ್ನೇ ದೇವರು ಹೊರಗೆ ನಿಲ್ಲಿಸ್ತಾನಾ?”

“ನನಗೆ ನೋವಾಯ್ತು ಅಂತ ನಿಯಮ ಬದಲಾಗುತ್ತಾ? ನಿನಗೆ ನೋವಾದಾಗ ನಾನು ಬದಲಾಯಿಸಲಿಲ್ಲವಲ್ಲ.”

ಸ್ವಂತಕ್ಕೆ ಬಂದಾಗ ಮಾತು ತಿರುಗಿಸುವವರನ್ನು ಎಷ್ಟೋ ಕಂಡಿದ್ದೆ. ಇವರೂ ಹಾಗಿರಬಾರದಿತ್ತೇ ಎಂದು ಅವತ್ತು ಮನಸ್ಸಿನಲ್ಲೇ ಬೇಡಿಕೊಂಡೆ.

ವಿಷಯ ಹೇಗೋ ಹಳೇ ಪಾದ್ರಿಯ ಕಿವಿಗೆ ಬಿತ್ತು. ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದರು. ಕೈಯಲ್ಲಿ ಚೊಂಬು, ದಾರಿಯಲ್ಲೇ ಅರ್ಧ ಚೆಲ್ಲಿಕೊಂಡು ನಿಲುವಂಗಿ ಒದ್ದೆಯಾಗಿತ್ತು. ಜ್ವರದ ಮನೆಯೆಂದರೆ ಗಡಗಡ ನಡುಗುವ ಮನುಷ್ಯ. ಆ ದಿನವೂ ನಡುಗುತ್ತಲೇ ಇದ್ದರು, ಆದರೆ ಒಳಗೆ ಬಂದರು.

“ನಿಮಗೆ ಆಗಿದ್ದೇ ಸಾಕು ಅಂತ ನಾನಂತೀನಿ. ಆದ್ರೂ ನಿಮ್ಮ ಮನಸ್ಸಿಗೆ ನೆಮ್ಮದಿಯಾಗೋದಾದ್ರೆ ಈ ನೀರು ಹಾಕಿಸ್ಕೊಳ್ಳಿ, ಅದರ ತಪ್ಪು ನನ್ನ ಮೇಲಿರ್ಲಿ. ನನ್ನ ಕೈ ನೋಡಬೇಡಿ, ಅದು ಎಂಥ ಕೈ ಅಂತ ನಂಗೊತ್ತು. ನಾನು ಚೊಂಬು ಹಿಡಿಯೋನು ಅಷ್ಟೇ. ಕೊಡೋನು ಬೇರೆ ಇದ್ದಾನೆ.”

ಬರಿಗಾಲಯ್ಯನವರು ಕೈಮುಗಿದರು. “ನಿಮ್ಮ ಮೇಲೆ ನನಗೆ ಕೋಪ ಇಲ್ಲ. ಆದರೆ ಬೇಡ” ಎಂದು ಗೋಡೆಯ ಕಡೆ ತಿರುಗಿದರು.

ಹಳೇ ಪಾದ್ರಿ ಹೋಗಲಿಲ್ಲ. ಮೆಟ್ಟಿಲ ಮೇಲೆ ಚೊಂಬನ್ನು ತೊಡೆಯ ಮೇಲಿಟ್ಟುಕೊಂಡು ಕೂತು ಅತ್ತರು. ಅವತ್ತು ಅವರು ಒಂದು ತೊಟ್ಟೂ ಕುಡಿದಿರಲಿಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ.

ಬಿಸಿಲು ಇಳಿಯುವ ಹೊತ್ತಿಗೆ ಬರಿಗಾಲಯ್ಯನವರು ನನ್ನನ್ನು ಹತ್ತಿರ ಕರೆದರು. “ನನ್ನ ಕಲ್ಲಿನ ಮೇಲೆ ಆ ಮಾತು ಬೇಡ. ನಿನ್ನ ಮಗಳಿಗೆ ಇಲ್ಲದ್ದು ನನಗೂ ಬೇಡ.” ಉಸಿರು ತೆಗೆದುಕೊಂಡು ಮತ್ತೆ ಹೇಳಿದರು: “ನಿನ್ನ ಹೆಂಡತಿಗೆ ಹೇಳು. ಮಗು ಹೊರಗಡೆ ಎಲ್ಲಿದ್ದರೂ ನಾನು ಹುಡುಕ್ತೀನಿ. ಕತ್ತಲಲ್ಲಿ ಒಬ್ಬಳೇ ಇರಬಾರದು. ಎತ್ಕೊಂಡಿರ್ತೀನಿ.”

ಆಮೇಲೆ ಮಾತಿಲ್ಲ. ನಾನೇ ಕಣ್ಣು ಮುಚ್ಚಿಸಿದೆ. ಚಿಕ್ಕ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತೆ.

ಮನೆಗೆ ಬಂದು ನನ್ನವಳಿಗೆ ಅವರ ಮಾತನ್ನು ಹಾಗೆಯೇ ಹೇಳಿದೆ. ಅವಳು ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿದಳು. ಮೂರು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿದಳು.

“ಅಲ್ಲಿ ಯಾಕ್ರೀ ಹುಡುಕ್ತಾರೆ ಪಾಪ? ಅಲ್ಲಿ ಅವಳಿಲ್ಲವಲ್ಲ.”

ನಾನು ತಲೆ ತಗ್ಗಿಸಿದೆ.

“ಅವರ ಕಲ್ಲಿಗೆ ಆ ಮಾತು ಕೆತ್ತಿ. ಇಲ್ಲಾಂದ್ರೆ ಆ ಮನುಷ್ಯ ಕತ್ತಲಲ್ಲಿ ಸುಮ್ನೆ ಅಲೀತಾ ಇರ್ತಾರೆ.”

“ಬೇಡ ಅಂತ ಹೇಳಿ ಸತ್ತಿದ್ದಾರೆ ಕಣೇ. ಕೇಳಿಸಿಕೊಂಡವನು ನಾನೇ.”

“ನನ್ನ ಮಗಳ ಕಲ್ಲಿಂದ ತೆಗೆಯೋವಾಗ ನನ್ನ ಕೇಳಿದ್ರಾ? ಇವರ ಕಲ್ಲಿಗೆ ಹಾಕೋವಾಗ ಇವರನ್ನ ಕೇಳೋದೇನೂ ಬೇಡ.”

ಕೆತ್ತಿದೆ. ಬರಿಗಾಲಯ್ಯನವರ ಕಡೆಯವರು ಬಂದು ಗುರುದ್ರೋಹಿ ಎಂದರು. ಧರ್ಮಾಧ್ಯಕ್ಷರ ಕಡೆಯವರು ಬಂದು ಪಾಷಂಡಿಗೆ ಈ ಮಾತು ಹೇಗೆ ಸಲ್ಲುತ್ತದೆ ಎಂದು ಗದರಿದರು. ಎರಡೂ ಕಡೆಯವರ ಮುಂದೆ ಉಳಿ ಹಿಡಿದು, ಅಷ್ಟು ಧೈರ್ಯವಿದ್ದರೆ ನೀವೇ ಅಳಿಸಿ ಎಂದೆ. ಯಾರೂ ಮುಟ್ಟಲಿಲ್ಲ. ಹಳೇ ಪಾದ್ರಿ ಮಾತ್ರ ಬಂದು ಆ ಅಕ್ಷರಗಳನ್ನು ಬೆರಳಿನಿಂದ ಸವರಿ ಹೋದರು.

ಆಮೇಲೆ ಒಂದು ದಿನ ಧೈರ್ಯ ಮಾಡಿ ಆ ಕುಡಿಕೆ ಕೊಡು ಎಂದು ನನ್ನವಳನ್ನು ಕೇಳಿದೆ. ಕಲ್ಲಿನ ಪುಡಿಗೆ ಸುಣ್ಣ ಕಲಸಿ ತುಂಬಿದರೆ ಗುಳಿ ಮುಚ್ಚುತ್ತದೆ, ಕೆಲಸ ಕೆಟ್ಟಾಗ ನಾವೆಲ್ಲ ಮಾಡುವುದೇ ಅದು. ಅದರಲ್ಲಿ ಅಕ್ಷರ ನಿಲ್ಲುವುದಿಲ್ಲ, ಆದರೆ ನೋಡುವ ಕಣ್ಣಿಗಾದರೂ ಕಲ್ಲು ಸಮವಾಗುತ್ತದೆ.

“ಬೇಡ” ಎಂದಳು. “ಅವಳಿಗೆ ಅದರಿಂದ ಏನೂ ಕಮ್ಮಿಯಾಗಿಲ್ಲ. ಅದು ನಿಮ್ಮ ಕೈ ಕೆಲಸ. ಇರಲಿ.”

ಆ ವರ್ಷದ ಮೊದಲ ಮಳೆ ಸುರಿದು ನಿಂತಿತು. ಅವಳು ಎಂದಿನಂತೆ ಒಣಬಟ್ಟೆ ತೆಗೆದುಕೊಂಡು ಬಾಗಿಲವರೆಗೆ ಹೋದಳು. ಅಲ್ಲಿ ನಿಂತು, ಹಿಂದಿರುಗಿ ಬಂದು, ಬಟ್ಟೆಯನ್ನು ನನ್ನ ಕೈಗಿಟ್ಟಳು.

“ಇನ್ನು ಮೇಲೆ ನೀವು ಒರೆಸಿ.”

ಹೋದೆ. ಗುಳಿಯ ತುಂಬ ತಿಳಿನೀರು ನಿಂತಿತ್ತು. ಬಟ್ಟೆಯನ್ನು ಅದ್ದಿ, ಹಿಂಡಿ, ಮತ್ತೆ ಅದ್ದಿ, ಕಲ್ಲು ಒಣಗುವವರೆಗೂ ಒರೆಸಿದೆ.