ತಲೆಯೊಳಗಿನ ಮಮ್ಮಿ

ಮತ್ತೆ ಆ ನಗು, ಫೋನಿನ ಗಾಜಿಗೆ ಮೂಗು ಒತ್ತಿ ನಗುತ್ತಿದ್ದಾನೆ ಸುಗತ, ನನ್ನ ಕೈಯಲ್ಲಿ ಹಾಲನ್ನದ ತುತ್ತು ಹಾಗೇ ಇದೆ, ಆ ಕಡೆಯಿಂದ ಪೂನಮ್ ಊಟಾ ಮಾಡಿದ್ಯೇನೋ ರಾಜಾ ಅನ್ನುತ್ತಾಳೆ, ಮಾಡಿಸುತ್ತಿರುವವಳು ನಾನು, ನನ್ನನ್ನೊಂದು ಮಾತು ಕೇಳಬಾರದೇ, ಕೇಳಿದ್ದರೂ ಮೈ ಉರಿಯುತ್ತಿತ್ತು, ಅದು ಬೇರೆ ಮಾತು — ನನ್ನ ಗಂಡ ಮಿಲಿಂದನ ಮೊದಲ ಹೆಂಡತಿ, ಇವನನ್ನು ಹೆತ್ತವಳು, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಮುಗಿಸಿ ದಿನಾ ಸಂಜೆ ಹುಬ್ಬಳ್ಳಿ ಕೇಶ್ವಾಪುರದ ಈ ಮನೆಯೊಳಗೆ ಫೋನಿನಲ್ಲೇ ಬಂದು ಕೂರುತ್ತಾಳೆ, ನಾನು ಮದುವೆಯಾಗಿ ಬಂದು ವರ್ಷವಾಯಿತು, ಅವಳಿನ್ನೂ ಹೋಗಿಲ್ಲ, ಮಮ್ಮಿ, ಮಮ್ಮಿ, ಎಷ್ಟು ಚೊಕ್ಕ ಅನ್ನುತ್ತಾನೆ, ನನಗೆ ಮಾತ್ರ ಆಂತಿ, ಆಂಟಿಯೂ ಅಲ್ಲ. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೇನು ನಾಚಿಕೆ, ಅವಳ ದನಿ, ಅವಳ ಕೂದಲು, ರಾಜಾ ಅನ್ನುವಾಗ ಎಳೆಯುವ ಆ ದೀರ್ಘ, ಯಾವುದನ್ನೂ ತಡೆಯಲಾರೆ.

ಧಾರವಾಡದಲ್ಲಿ ಎಂ.ಎ. ಮಕ್ಕಳಿಗೆ ಧ್ವನಿಮಾಶಾಸ್ತ್ರ ಹೇಳುವವಳು ನಾನು, ಮೊನ್ನೆಯಷ್ಟೇ ಹೇಳಿದೆ, ಮಗುವಿನ ಕಿವಿ ಮುಂದೆ, ಬಾಯಿ ಹಿಂದೆ, ತಲೆಯೊಳಗೆ ಪದ ಪೂರ್ತಿ ಇರುತ್ತದೆ, ಹೊರಬರುವಾಗ ಸವೆದು ಬರುತ್ತದೆ, ಸಕಾರ ತಕಾರವಾಗುತ್ತದೆ, ಗಕಾರ ದಕಾರ — ಉದಾಹರಣೆಗೆ ಇವನನ್ನೇ ಕೊಟ್ಟೆ, ನಮ್ಮ ಹುಡುಗ ಅಂದೆ, ಹಾಗನ್ನುವಾಗ ಎಷ್ಟು ಸುಖವಾಯಿತು, ತನ್ನ ಹೆಸರನ್ನು ತುದತ ಅನ್ನುತ್ತಾನೆ, ನಾನೂ ತುದತ ಬಾರೋ ಅಂದರೆ ಸಿಟ್ಟಾಗಿ ತಲೆ ಅಲ್ಲಾಡಿಸುತ್ತಾನೆ, ತುದತ ಅಲ್ಲ, ತುದತ, ಸುಗತ ಬಾರೋ ಅಂದ ಮೇಲೆಯೇ ಬರುತ್ತಾನೆ. ನಾಗರತ್ನಾ ಅನ್ನುವ ಹುಡುಗಿ ಎದ್ದು ಕೇಳಿದಳು, ಮೇಡಂ, ಹಂಗಾರ ಅಂವಾ ಬಾಯಿಲೆ ಅನ್ನದ್ದೂ ತಲ್ಯಾಗ ಇರತೈತೇನ್ರಿ, ಇರತೈತಿ ಅಂದೆ, ಅವಳಿಗಲ್ಲ, ನನಗೇ ಹೇಳಿಕೊಂಡೆ, ಹುಬ್ಬಳ್ಳಿ ಬರುವ ತನಕ ಬಸ್ಸಿನಲ್ಲಿ ಅದನ್ನೇ ಚಪ್ಪರಿಸಿದೆ, ಅವನ ತಲೆಯೊಳಗೆ ನನಗೂ ಒಂದು ಮಮ್ಮಿ ಇದೆ, ಬಾಯಿ ಇನ್ನೂ ಬಲಿತಿಲ್ಲ, ಅಷ್ಟೇ — ಎಂಥ ಸುಳ್ಳು, ಮಕಾರಕ್ಕೆ ಏನು ಮಹಾ ಬೇಕು, ತುಟಿ ಎರಡು ಮುಚ್ಚಿದರೆ ಸಾಕು, ಮಕ್ಕಳಿಗೆ ಮೊದಮೊದಲು ಬರುವುದೇ ಅದು, ಅವಳಿಗೆ ದಿನಾ ಅನ್ನುತ್ತಾನಲ್ಲ, ಯಾವ ಶಾಸ್ತ್ರ ತಂದು ಮುಚ್ಚಲಿ ಇದನ್ನು.

ಫೋನು ಕಪ್ಪಾಯಿತು, ಹೋದಳು, ಸದ್ಯ. ಬಾಯಿ ತೆರೆಯುತ್ತಾನೆ, ತುತ್ತು ಇಡುತ್ತೇನೆ, ಇನ್ನೊಂದು, ಅವನ ಎಂಜಲು ನನ್ನ ಬೆರಳಿಗೆ, ಇದು ಅವಳಿಗೆಲ್ಲಿದೆ, ಉಂಡನೇನ ಅಂವಾ ಎಂದು ಮಿಲಿಂದ ಒಳಗಿನಿಂದ ಕೇಳುತ್ತಾನೆ, ಉಣ್ಣಾಕತ್ತಾನ ಅನ್ನುತ್ತೇನೆ, ಕೇಳಬೇಡ ವಾಣಿಶ್ರೀ, ಈಗ ಕೇಳಬೇಡ, ನನಗೆ ನಾನೇ ಅಂದುಕೊಳ್ಳುತ್ತೇನೆ, ಎಡಗೈಯನ್ನು ಎದೆಯ ಮೇಲಿಟ್ಟು ಕೇಳಿಯೇ ಬಿಡುತ್ತೇನೆ, ಇಲ್ನೋಡು, ನಾ ಯಾರು, ಮಮ್ಮಿ? ಸಿಟ್ಟಿಲ್ಲ, ನಗುವೂ ಇಲ್ಲ, ಬಾಯಿ ತುಂಬ ನಾನಿಟ್ಟ ಅನ್ನ, ತಪ್ಪು ಹೇಳಿದವಳನ್ನು ತಿದ್ದುವಂತೆ ತಲೆ ಅಲ್ಲಾಡಿಸುತ್ತಾನೆ, ಈ ಕಡೆ, ಆ ಕಡೆ, ಈ ಕಡೆ